ಮೂವತ್ತೆಂಟು ಜೊತೆ ಕೊಂಬು

ಡಿಸೆಂಬರ್ 2, ಸೋಮವಾರ

ಎರಡನೇ ಕ್ಲಾಸಿಗೆ ಡ್ರಾಯಿಂಗಿನಲ್ಲಿ ಹಿಮಸಾರಂಗ ಶುರು. ವರ್ಷದ ಕೊನೆಯ ಸಮಾರಂಭಕ್ಕೆ ಕಾರಿಡಾರಿನ ಗೋಡೆ ತುಂಬ ಅದೇ ಇರಬೇಕಂತೆ. ಹೆಡ್‌ಮಿಸ್ ಆರ್ಡರ್. ಕತ್ತಿಗೆ ಮಫ್ಲರ್, ಕೊಂಬಿಗೆ ಬಣ್ಣದ ದೀಪದ ಸರ, ಹಲ್ಲು ಕಿರಿದು ನಗು. ಈ ಅವತಾರದಲ್ಲಿ ಕಾಡಿಗೆ ಹೋದರೆ ಉಳಿದ ಸಾರಂಗಗಳು ಮಾತಾಡಿಸಲಿಕ್ಕಿಲ್ಲ.

ಇಪ್ಪತ್ತೆರಡು ವರ್ಷದ ಪದ್ಧತಿ ನನ್ನದು — ಬೋರ್ಡಿನ ಮೇಲೆ ನನ್ನದೊಂದು ಗೆರೆ, ಹಾಳೆಯ ಮೇಲೆ ಅವರದೊಂದು ಗೆರೆ. "ನಾನು ಹಾಕಿದ್ದನ್ನೇ ಹಾಕಿ. ಸ್ವಂತ ಬುದ್ಧಿ ಬೇಡ." ಮೊಟ್ಟೆಯಂಥ ತಲೆ. ಆಲೂಗಡ್ಡೆಯಂಥ ಹೊಟ್ಟೆ. ಎಲೆಯಂಥ ಕಿವಿ ಎರಡು. ಕೊಂಬಿನ ಹೊತ್ತಿಗೆ ಬೆಲ್ ಆಯಿತು.

ಈ ಡೈರಿಯಲ್ಲೂ ಸುಳ್ಳು ಬರೆದರೆ ಏನು ಉಪಯೋಗ. ಬೆಲ್ ಆಗಿರಲಿಲ್ಲ. ಇನ್ನೂ ಏಳು ನಿಮಿಷ ಇತ್ತು. ಬಲಗೈ ನಡುಗಿತು, ಚಾಕ್ ಕೆಳಗಿಟ್ಟೆ.

ಡಿಸೆಂಬರ್ 3

ಟೀ ಸಾಸರಿಗೆಲ್ಲ ಚೆಲ್ಲಿತು. ಚಳಿ ಅಂದೆ.

"ಬಲಗೈಗೆ ಮಾತ್ರ ಚಳೀನಾ ರೀ?" ಅಂದಳು ಹೆಂಡತಿ.

ರೇಗಿದೆ. ಅವಳು ಸುಮ್ಮನೆ ಬಟ್ಟೆ ತಂದು ಒರೆಸಿದಳು. ಡಾಕ್ಟರಿಗೆ ಫೋನ್ ಮಾಡುತ್ತಾಳೆ, ಗೊತ್ತು.

ಡಿಸೆಂಬರ್ 5

ಕೊಂಬು ಮುಗಿಸಿದೆ. ಎಡಗೈಯಿಂದ ಬಲ ಮಣಿಕಟ್ಟು ಹಿಡಿದು. ಗೆರೆ ಉದ್ದಕ್ಕೂ ಗರಗಸ. ಯಾರೂ ಏನೂ ಅನ್ನಲಿಲ್ಲ. ಮೊದಲ ಬೆಂಚಿನ 'ಯಾಕೆ' ಕೂಡ — ಮಾತಿಗೊಂದು ಯಾಕೆ ಕೇಳುವ ಹುಡುಗಿ, ಅದಕ್ಕೇ ಆ ಹೆಸರು — ನಾಲಿಗೆ ಹೊರಗೆ ಹಾಕಿಕೊಂಡು ತಲೆ ಎತ್ತದೆ ಬರೆದಳು. ಬಚಾವ್.

ಡಿಸೆಂಬರ್ 6, ಸಂಜೆ 4

ಬಚಾವ್ ಆಗಲಿಲ್ಲ.

ಹಾಳೆ ಒಟ್ಟು ಮಾಡಿ ನೋಡಿದೆ. ತಲೆ ನುಣುಪು, ಹೊಟ್ಟೆ ನುಣುಪು, ಕೊಂಬು ಗರಗಸ. ಒಂದಲ್ಲ, ಎರಡಲ್ಲ — ಮೂವತ್ತೆಂಟೂ! ನನ್ನ ಒಂದೊಂದು ನಡುಕವನ್ನೂ ಮಕ್ಕಳು ಎಣಿಸಿ ಎಣಿಸಿ ಹಾಕಿದ್ದಾರೆ. ಒಬ್ಬ ಮೂರು ಸಲ ಅಳಿಸಿದ್ದಾನೆ, ನಡುಕ ಸರಿ ಬರಲಿಲ್ಲವೆಂದು. ಹೇಳಿದ್ದನ್ನೇ ಮಾಡಿದ್ದಾರೆ, ಬೈಯುವುದು ಯಾರನ್ನ?

ರಬ್ಬರ್ ಹಿಡಿದು ತಿದ್ದಲು ಕೂತೆ. ತಿದ್ದಬೇಕಾದ್ದೂ ಇದೇ ಕೈ ತಾನೆ. ಎರಡು ಹಾಳೆ ಹಾಳು. ಅದರಲ್ಲೊಂದು ಯಾಕೆಯದು. ಅಷ್ಟರಲ್ಲಿ ಕಸ ಗುಡಿಸಲು ಆಯಾ ಬಂದಳು, ಕಳ್ಳನ ಹಾಗೆ ಹಾಳೆಗಳನ್ನು ಡ್ರಾಯರಿಗೆ ತುರುಕಿದೆ.

ಡಿಸೆಂಬರ್ 9

ಡ್ರಾಯರಿಗೆ ಬೀಗ ಹಾಕಿರಲಿಲ್ಲ. ಹೆಡ್‌ಮಿಸ್ ನೋಡಿಬಿಟ್ಟಿದ್ದಾರೆ.

"ಕೊಂಬು ಯಾಕೆ ಸರ್ ಹೀಗೆ?"

"ರೋಮ ಮೇಡಂ. ಹಿಮಸಾರಂಗದ ಕೊಂಬಿನ ಮೇಲೆ ರೋಮ ಇರುತ್ತೆ."

ಸುಳ್ಳೂ ಅಲ್ಲ, ನಿಜವೂ ಅಲ್ಲ. ಎಷ್ಟು ಸಲೀಸಾಗಿ ಬಂತು ಬಾಯಿಗೆ! ಅವರು ನಗಲಿಲ್ಲ.

"ಬರೋ ವರ್ಷ ಡ್ರಾಯಿಂಗ್ ಸರ್ ಬೇಡ, ಕಂಪ್ಯೂಟರ್ ಸಾಕು ಅಂತಿದೆ ಕಮಿಟಿ. ನಿಮ್ಮ ಕ್ಲಾಸ್ ನೋಡಿ ನಾನು ರಿಪೋರ್ಟ್ ಕೊಡಬೇಕು. ಗುರುವಾರ ಹಿಂದೆ ಕೂತ್ಕೋತೀನಿ. ಇದನ್ನೇ ಇನ್ನೊಂದು ಸಲ ಹಾಕಿ ತೋರಿಸಿ."

ಬೇರೆ ಕೆಲಸ ನನಗೆ ಬರುವುದಿಲ್ಲ. ಹೆದರಿಕೆ ಆಗುತ್ತಿದೆ. ಬರೆದುಬಿಟ್ಟೆ.

ಡಿಸೆಂಬರ್ 11

ಡಾಕ್ಟರ್ ಖಾಲಿ ಹಾಳೆ ಕೊಟ್ಟು, "ಒಂದು ಸುರುಳಿ ಬರೀರಿ ಸರ್," ಅಂದರು. ಬರೆದೆ. ಒಂದನೇ ಕ್ಲಾಸಿನ ಮಗು ಬರೆದಿದ್ದರೆ ಹತ್ತಕ್ಕೆ ನಾಲ್ಕು ಕೊಡುತ್ತಿದ್ದೆ. ಅವರು ಅದನ್ನು ಜೋಪಾನವಾಗಿ ಫೈಲಿಗೆ ಸೇರಿಸಿದರು.

"ಟೆಸ್ಟ್ ಆಗಲಿ. ಔಷಧಿ ಇದೆ. ಮುಚ್ಚಿಡೋಕೆ ಮಾತ್ರ ಹೋಗಬೇಡಿ."

ದಾರಿಯುದ್ದಕ್ಕೂ ಹೆಂಡತಿ ನನ್ನ ಬಲಗೈ ಬಿಡಲಿಲ್ಲ.

ಡಿಸೆಂಬರ್ 12, ಬೆಳಿಗ್ಗೆ 11.40, ಸ್ಟಾಫ್ ರೂಂ

ಮುಗಿಯಿತು. ಮರೆಯುವ ಮೊದಲು ಬರೆದಿಡಬೇಕು.

ಕೊನೆಯ ಬೆಂಚಿನಲ್ಲಿ ಹೆಡ್‌ಮಿಸ್, ಪೆನ್ನು, ರಿಪೋರ್ಟಿನ ಫಾರಂ. ತಲೆ, ಹೊಟ್ಟೆ, ಕಿವಿ — ಪುಟ್ಟ ಗೆರೆಗಳು, ದಾಟಿದೆ. ಕೊಂಬಿಗೆ ಕೈ ಎತ್ತಿದೆ. ನಡುಗಿತು. ಚಾಕ್ ಬೋರ್ಡಿಗೆ ಬಡಿಯುವುದು ಇಡೀ ಕ್ಲಾಸಿಗೆ ಕೇಳಿಸಿತು. ಹೇಗೋ ಗೆರೆ ಎಳೆದು ತಿರುಗಿದೆ.

ಮೂವತ್ತೆಂಟು ಮಕ್ಕಳೂ ಪೆನ್ಸಿಲ್ ಹಿಡಿದ ಕೈಯನ್ನು ಗಡಗಡ ನಡುಗಿಸುತ್ತಿದ್ದರು. ತಮಾಷೆಗಲ್ಲ. ಶ್ರದ್ಧೆಯಿಂದ. ಹಾಗೆ ಮಾಡಿದರೆ ಆ ಗೆರೆ ಬರುತ್ತದೆಂದು ಕಂಡುಕೊಂಡಿದ್ದಾರೆ! ಕೆಲವರು ನನ್ನಂತೆಯೇ ಎಡಗೈಯಲ್ಲಿ ಮಣಿಕಟ್ಟು ಹಿಡಿದಿದ್ದರು. ಹೆಡ್‌ಮಿಸ್ ಪೆನ್ನು ನಿಂತಿತು.

ಇವರಿಗೆ ಇದನ್ನೇನಾ ನಾನು ಕಲಿಸಿದ್ದು?

"ನಿಲ್ಲಿಸಿ ಮಕ್ಕಳೇ. ಈ ನಡುಕ ಚಿತ್ರದ್ದಲ್ಲ, ನನ್ನ ಕೈಯದು. ಕೈಗೆ ಹುಷಾರಿಲ್ಲ. ಅದನ್ನ ಹಾಕಬೇಡಿ. ನಿಮ್ಮ ಗೆರೆ ಹಾಕಿ."

ಯಾಕೆ ಎದ್ದು ನಿಂತಳು.

"ನಮ್ಮ ಗೆರೆ ಅಂದ್ರೆ ಯಾವ್ದು ಸರ್?"

ಇಪ್ಪತ್ತೆರಡು ವರ್ಷ ನಾನೇ ಬೇಡ ಅಂದಿದ್ದು ಅದನ್ನ. ಬೋರ್ಡಿನ ಮೇಲಿನ ಕೊಂಬನ್ನು ಒರೆಸಿಬಿಟ್ಟೆ. "ಇಲ್ಲಿ ಏನೂ ಇಲ್ಲ ಈಗ. ನಿಂಗೆ ಹೆಂಗೆ ಬೇಕೋ ಹಂಗೆ ಹಾಕು, ಪುಟ್ಟಿ."

ಬೆಲ್ ಆದಾಗ ಹೆಡ್‌ಮಿಸ್ ಫಾರಂ ಮಡಚಿ ಎದ್ದರು. "ಮೂರು ಗಂಟೆಗೆ ನನ್ನ ರೂಮಿಗೆ ಬನ್ನಿ ಸರ್." ಮುಖ ನೋಡಿದರೆ ಏನೂ ಗೊತ್ತಾಗಲಿಲ್ಲ.

ಮಧ್ಯಾಹ್ನ 2.55, ಹೆಡ್‌ಮಿಸ್ ರೂಮಿನ ಹೊರಗೆ, ಬೆಂಚು

ಎದುರು ಗೋಡೆಗೆ ಆಯಾ ಇವತ್ತಿನ ಹಾಳೆಗಳನ್ನು ಅಂಟಿಸುತ್ತಿದ್ದಾಳೆ. ಅಂಟಿಸಲು ಹೇಳಿದ್ದು ಯಾರು ಅಂದರೆ, "ಮೇಡಂ," ಅಂದಳು. ಒಂದರ ಕೊಂಬು ಬಾಚಣಿಗೆ, ಒಂದರದ್ದು ಪೊರಕೆ, ಒಂದರದ್ದು ಟಿವಿ ಆಂಟೆನಾ. ಒಂದೂ ಇನ್ನೊಂದರ ಹಾಗಿಲ್ಲ. ದೀಪದ ಸರ ಯಾವುದಕ್ಕೂ ಸರಿಯಾಗಿ ನಿಂತಿಲ್ಲ. ನೋಡುತ್ತ ನಗು ಬಂತು, ಕಣ್ಣೂ ತುಂಬಿತು.

ಯಾಕೆಯ ಸಾರಂಗಕ್ಕೆ ಎಡಗೊಂಬು ನುಣುಪು, ಬಲಗೊಂಬು ಗರಗಸ. ಊಟದ ಬಿಡುವಿನಲ್ಲಿ ಅವಳನ್ನು ಹಿಡಿದು ಕೇಳಿದ್ದೆ, ಈ ಸಲ ಯಾಕೆ ಅನ್ನುವ ಸರದಿ ನನ್ನದು.

"ಇದು ನಂದು ಸರ್. ಅದು ನಿಮ್ದು. ನಿಮ್ಗೆ ಹುಷಾರಾಗೋ ತನಕ ಅದು ಅಲ್ಲೇ ಇರ್ಲಿ."

ಬಾಗಿಲು ತೆಗೆದರು. ಕೈಯಲ್ಲಿ ಅದೇ ಫಾರಂ. ಮೇಡಂ ನನ್ನ ಕಡೆ ನೋಡುತ್ತಿಲ್ಲ, ಆ ಬಲಗೊಂಬನ್ನೇ —