ಚುಕ್ಕಿಯ ಮೊದಲ ಗಿಣ್ಣು

ಇಂಚರಾ,

ಹಾನುಬಾಳಿನ ಬಸ್ಸಿಗೆ ಹೊರಟೆ. ನಿನ್ನನ್ನು ಎಬ್ಬಿಸಲು ಮನಸ್ಸಾಗಲಿಲ್ಲ. ಕರು ಹೊಟ್ಟೆ ತುಂಬ ಕುಡಿದು ಮಲಗಿದೆ. ಚುಕ್ಕಿಗೆ ಬಿಸಿನೀರಲ್ಲಿ ಬೂಸಾ ಕಲಸಿ ಕೊಡು. ಕೊಟ್ಟಿಗೆಯ ಬಾಗಿಲು ಹಾಕಲು ಮರೆಯಬೇಡ.

ನಿನ್ನೆ ಸಂಜೆಯಿಂದ ನನ್ನ ಕಣ್ಣಿಗೆ ಬೇರೇನೂ ಕಾಣುತ್ತಿಲ್ಲ ಕಣೇ. ಕರುವಿನ ಮುಂಗಾಲಷ್ಟೇ ಹೊರಬಂದು ನಿಂತಾಗ ಅಪ್ಪನೇ ಹಿಂದೆ ಸರಿದರು. ನೀನು ಕಾಲೂರಿ ನಿಂತು, ಚುಕ್ಕಿ ತಿಣುಕಿದಾಗಲೆಲ್ಲ ಎಳೆದೆ. ಒಂದು ಇಡೀ ಜೀವ ಜಾರಿ ಹುಲ್ಲಿನ ಮೇಲೆ ಬಿತ್ತು! ತೋಟದ ಆಳುಗಳ ಲೈನ್‌ಮನೆಯ ಮಾದಮ್ಮ, "ಎಂಥಾ ಗಟ್ಟಿ ತೋಳವ್ವ ನಿಂದು, ಕರೂನ ಬದುಕಿಸ್ಬುಟ್ಟೆ!" ಅಂದಳು. ನೀನು ತಕ್ಷಣ ದುಪಟ್ಟಾ ಹೊದ್ದುಕೊಂಡೆ.

ಫೋಟೋ ಹಾಕುವಾಗ ಫೋನಿನಲ್ಲಿ ತೆಳ್ಳಗೆ ಮಾಡುತ್ತೀಯಲ್ಲ, ಅದೇ ತೋಳು. ಯಾವಳೋ ರೀಲ್ಸಿನವಳ ಮಾತು ಕೇಳಿ ನಿನ್ನೆಯೂ ಅನ್ನ ಬಿಟ್ಟು, ನಿಂಬೆನೀರು ಕುಡಿದು ಮಲಗಿದೆ. ಸಿಟ್ಟು ಬಂತು ನನಗೆ. ಅಜ್ಜಿಯ ಕಥೆಯಲ್ಲಿ ಬೆಟ್ಟ ಎತ್ತುವ ಹುಡುಗಿಯನ್ನು ನಾನು ಇಷ್ಟು ವರ್ಷ ಬಳ್ಳಿಯ ಹಾಗೆ ಬಳುಕುವವಳು ಅಂದುಕೊಂಡಿದ್ದೆ. ಅವಳು ನಿಜಕ್ಕೂ ಹೇಗಿರುತ್ತಾಳೆಂದು ನಿನ್ನೆ ಕಣ್ಣಾರೆ ನೋಡಿದೆ.

ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಬೇಯಿಸಿಟ್ಟಿದ್ದೇನೆ. ಕರು ಎಳೆದ ಕೈಗೇ ಮೊದಲ ತುಂಡು, ಆಮೇಲೆ ಮನೆಯವರಿಗೆ. ಅಜ್ಜಿಯ ಕಾನೂನು ನಿನಗೆ ಗೊತ್ತೇ ಇದೆ. ಅಪ್ಪ ಮುಚ್ಚಳ ತೆಗೆದು, ಮೂಸಿ, ಮತ್ತೆ ಮುಚ್ಚಿಟ್ಟು ತೋಟಕ್ಕೆ ಹೋದರು. ನಾನೂ ತಿನ್ನದೆ ಹೊರಟಿದ್ದೇನೆ.

ದೊಡ್ಡ ತುಂಡೇ ಕತ್ತರಿಸಿಕೋ. ಮನೆಯವರೆಲ್ಲ ಕಾಯುತ್ತಿದ್ದೇವೆ.

ಅಕ್ಕ