ಹರಿಪ್ರಿಯಾಳ ಕೈಯ ಅಳತೆ

ಮಣಿಪಾಲ
ಸೆಪ್ಟೆಂಬರ್ ೧೪, ೨೦೨೪
ಶನಿವಾರ ಮಧ್ಯಾಹ್ನ

ಪ್ರೀತಿಯ ಹರಿಪ್ರಿಯಾ,

ಬನ್ನಂಜೆ ಮತ್ತು ಮಣಿಪಾಲದ ನಡುವೆ ಇರುವುದು ಒಂದು ಬಸ್ಸಿನ ದೂರ. ಅಷ್ಟು ಹತ್ತಿರ ಇರುವವಳು ಕಾಗದ ಬರೆದರೆ ನಿನಗೆ ನಗು ಬರಬಹುದು. ಫೋನಿನಲ್ಲಿ ಹೇಳಲು ಮೂರು ಸಲ ಪ್ರಯತ್ನಿಸಿದೆ. ಮೂರನೆಯ ಸಲ ನೀನೇ, "ನಿನ್ನ ಸ್ವರ ಯಾಕೆ ಹಾಗೆ ಉಂಟು ರಾಹಿ, ಹುಷಾರಿಲ್ವಾ?" ಎಂದು ಕೇಳಿದೆ. ಜ್ವರ ಎಂದೆ. ಜ್ವರ ಇರಲಿಲ್ಲ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಉಳಿದದ್ದನ್ನು ಓದದೆ ನೀನು ಕಾಗದ ಹರಿದರೂ ಇಷ್ಟು ನಿನಗೆ ತಲುಪಿರಬೇಕು. ನಿನ್ನ ಎಡಗೈಯಲ್ಲಿ ಏನೂ ದೋಷವಿಲ್ಲ. ಮೇ ತಿಂಗಳಲ್ಲಿ ನಾನು ನಿನಗೆ ಹಿಂದಕ್ಕೆ ಕೊಟ್ಟ ಬೇಸ್ ಗಿಟಾರ್ ನಿನ್ನದಲ್ಲ.

ಇನ್ನು ಕ್ರಮವಾಗಿ ಬರೆಯುತ್ತೇನೆ, ನಿನಗೆ ಗೊತ್ತಿರುವುದನ್ನೂ ಸೇರಿಸಿ. ಹಾಗೆ ಬರೆಯದಿದ್ದರೆ ನಡುವೆ ಎಲ್ಲಾದರೂ ನಾನು ತಪ್ಪಿಸಿಕೊಳ್ಳುತ್ತೇನೆ.

ಆರು ವರ್ಷದ ಹಿಂದೆ ನಾವಿಬ್ಬರೂ ಸ್ಕೂಟರಿನಲ್ಲಿ ಕುಕ್ಕುಂದೂರಿಗೆ, ಟ್ರೆವರ್ ಅಂಕಲ್ ಮನೆಗೆ ಹೋದದ್ದು ನೆನಪುಂಟಲ್ಲ. ಬಾಗಿಲು ಕಿಟಕಿ ಮಾಡುತ್ತಿದ್ದ ಬಡಗಿ, ಇಗರ್ಜಿಯ ವಯೊಲಿನುಗಳನ್ನು ರಿಪೇರಿ ಮಾಡುತ್ತಾ ಮಾಡುತ್ತಾ ಗಿಟಾರ್ ಕಟ್ಟುವುದಕ್ಕೆ ಇಳಿದವರು. ಯಾವ ಬಣ್ಣ ಬೇಕು ಎಂದು ಅವರು ನಿನ್ನನ್ನು ಕೇಳಲಿಲ್ಲ. ಎಡಗೈಯನ್ನು ಮೇಜಿನ ಮೇಲೆ ಇಡಲು ಹೇಳಿ, ನೂಲು ಹಿಡಿದು ಒಂದೊಂದೇ ಬೆರಳನ್ನು ಅಳೆದರು. "ನಿಮ್ಮ ಕಿರುಬೆರಳು ಗಿಡ್ಡ ಉಂಟು. ಅಂಗಡಿಯಲ್ಲಿ ಸಿಗುವ ಬೇಸ್ ನಿಮಗೆ ಆಗಲಿಕ್ಕಿಲ್ಲ" ಎಂದರು. ಅಲ್ಲಿಯವರೆಗೆ ನೀನು ದೊಡ್ಡ ಕೈಯವರಿಗೆಂದು ಮಾಡಿದ ವಾದ್ಯಗಳ ಜೊತೆ ಗುದ್ದಾಡುತ್ತಾ, ತಪ್ಪು ನಿನ್ನದೇ ಎಂದುಕೊಂಡಿದ್ದೆ. ಎರಡು ತಿಂಗಳ ನಂತರ ಹಲಸಿನ ಮರದ ಆ ಬೇಸ್ ನಿನ್ನ ತೊಡೆಯ ಮೇಲೆ ಬಂತು. ಅದರ ನೆಕ್, ಎಡಗೈ ಹಿಡಿಯುವ ಆ ಉದ್ದನೆಯ ಕುತ್ತಿಗೆ, ನಿನ್ನ ಅಂಗೈಗೆಂದೇ ತೆಳ್ಳಗೆ ಕೆತ್ತಿದ್ದು. ನೀನು ಹಿಡಿದವಳು ಒಂದು ಗಂಟೆ ಬಿಡಲಿಲ್ಲ. ಅವರ ಹೆಂಡತಿ ಬರ್ತಾ ಆಂಟಿ ತಂದಿಟ್ಟ ಚಹಾ ಆರಿಹೋಯಿತು.

ಕಳೆದ ವರ್ಷ ಜನವರಿಯಲ್ಲಿ ಕಟಪಾಡಿಯ ಹತ್ತಿರ ನಿನ್ನ ಸ್ಕೂಟರ್ ಜಾರಿತು. ಮಣಿಕಟ್ಟು ಮುರಿಯಿತು, ಆಪರೇಷನ್ ಆಯಿತು, ಎರಡು ಬೆರಳು ಮರಗಟ್ಟಿದವು. ಫೆಬ್ರವರಿಯಲ್ಲಿ ನೀನು ಬೇಸನ್ನು ನನ್ನ ಅಂಗಡಿಗೆ ತಂದೆ. "ಮನೆಯಲ್ಲಿದ್ದರೆ ದಿನಾ ನೋಡಬೇಕಾಗ್ತದೆ. ನಿನ್ನಲ್ಲಿ ಇರಲಿ. ಮಾರಬೇಡ ಮಾರಾಯ್ತಿ, ಆಯ್ತಾ?" ಎಂದೆ. "ನಿನಗೆಂತ ಮರ್ಲಾ, ಹುಚ್ಚಾ?" ಎಂದು ನಾನು ನಕ್ಕೆ.

ನನ್ನ ಅಂಗಡಿ ಎಂಥದ್ದೆಂದು ನಿನಗೆ ಗೊತ್ತು. ಮೊದಲ ವರ್ಷದ ವಿದ್ಯಾರ್ಥಿಗಳು ಆಸೆಯಿಂದ ಗಿಟಾರ್ ಕೊಳ್ಳುತ್ತಾರೆ, ಕೊನೆಯ ವರ್ಷದವರು ಅವಸರದಿಂದ ಮಾರುತ್ತಾರೆ. ನಡುವೆ ನಾನು ಕುಳಿತಿದ್ದೇನೆ. ಆದರೆ ನನ್ನ ನಿಜವಾದ ಹುಚ್ಚು ಪೆಡಲುಗಳದ್ದು. ಕಾಪುವಿನಲ್ಲಿ, ಮಗಳನ್ನು ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದ ನನ್ನ ಉಪ್ಪನ ರೇಡಿಯೊ ರಿಪೇರಿ ಅಂಗಡಿಯಲ್ಲಿ ಸೋಲ್ಡರಿನ ಹೊಗೆ ಕುಡಿದೇ ಬೆಳೆದವಳು ನಾನು. ಅಂಗೈಯಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ, ಕಾಲಿನಿಂದ ಒತ್ತಿದರೆ ಗಿಟಾರಿನ ಸ್ವರವೇ ಬೇರೆಯಾಗುತ್ತದೆ ಎಂದರೆ ಒಳಗೆ ಎಂತ ಉಂಟು ಎಂದು ನೋಡದೆ ನನಗೆ ನಿದ್ರೆ ಬರುವುದಿಲ್ಲ.

ಆ ಜೂನ್‌ನಲ್ಲಿ ಹರ್ಷಿತ್ ಎಂಬ ಹುಡುಗ ಬಂದ. ವೈದ್ಯಕೀಯ ಓದು ಮುಗಿಸಿ ಊರು ಬಿಡುವವನಿದ್ದ. ಅವನಲ್ಲಿ ಒಂದು ಹಳೆಯ ಜಪಾನಿ ಪೆಡಲ್ ಇತ್ತು, ಈಗ ಯಾರೂ ತಯಾರಿಸದಂಥದ್ದು. ಅದರ ಸ್ವರ ಕೇಳಿದ ಮೇಲೆ ಅದನ್ನು ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ. ಎಷ್ಟು ಕೊಟ್ಟರೂ ಮಾರುವುದಿಲ್ಲ ಎಂದ. ಆಮೇಲೆ ಗೋಡೆಯಲ್ಲಿದ್ದ ನಿನ್ನ ಬೇಸನ್ನು ಇಳಿಸಿ ಬಾರಿಸಿ ನೋಡಿದ. "ಇದಕ್ಕಾದರೆ ಬದಲಿಗೆ ಕೊಡ್ತೇನೆ. ಇದು ಯಾರದ್ದು ಅಕ್ಕ?" ಎಂದು ಕೇಳಿದ.

ನನ್ನದೇ ಎಂದೆ.

ಆ ದಿನ ನನಗೆ ಯಾವ ಕಷ್ಟವೂ ಇರಲಿಲ್ಲ ಹರಿಪ್ರಿಯಾ. ಮನೆಯಲ್ಲಿ ಯಾರಿಗೂ ಕಾಯಿಲೆ ಇರಲಿಲ್ಲ. ಅಂಗಡಿಯೂ ಚೆನ್ನಾಗಿಯೇ ನಡೆಯುತ್ತಿತ್ತು. ನನಗೆ ಆ ಪೆಟ್ಟಿಗೆ ಬೇಕಿತ್ತು, ಅಷ್ಟೇ. ಅದಕ್ಕೆ ಎರಡು ತಿಂಗಳ ಮೊದಲು ನಿನ್ನ ಗಂಡ ವಿಜಯೀಂದ್ರ ಅವರು ಪೇಟೆಯಲ್ಲಿ ಸಿಕ್ಕಿದಾಗ, "ಮನೆಕೆಲಸಕ್ಕೆ ಕೈ ಸಾಕು, ವಾದ್ಯ ಇನ್ನು ಕಷ್ಟ ಅಂತ ಡಾಕ್ಟರು ಹೇಳಿದ್ದಾರೆ. ಅವಳಿಗೆ ಹೇಳಿಲ್ಲ" ಎಂದಿದ್ದರು. ಆ ಮಾತನ್ನು ನಾನು ಜೋಪಾನವಾಗಿ ಇಟ್ಟುಕೊಂಡಿದ್ದೆ. ಹರ್ಷಿತ್ ನಿನ್ನ ಬೇಸ್ ಹೊತ್ತು ಮೆಟ್ಟಿಲು ಇಳಿಯುವಾಗ ಅದನ್ನೇ ನನಗೆ ನಾನೇ ಎರಡು ಸಲ ಹೇಳಿಕೊಂಡೆ.

ಆ ಪೆಡಲನ್ನು ಬಿಚ್ಚಿ, ಒಂದೊಂದು ಬಿಡಿಭಾಗವನ್ನೂ ಬರೆದಿಟ್ಟು, ಮೂರು ತಿಂಗಳು ಕುಳಿತು ನನ್ನದೇ ಒಂದನ್ನು ಮಾಡಿದೆ. ಅದಕ್ಕೆ ಹೆಸರಿಟ್ಟವಳು ನೀನು. ಅಂಗಡಿಯ ಸ್ಟೂಲಿನಲ್ಲಿ ಕುಳಿತು ಕೇಳಿ, "ತಗ್ಗಿನ ಸ್ವರ ಕಡಲ ಹಾಗೆ ಬರ್ತದೆ ನೋಡು. ಪಡುವಣ ಕಡಲು ಅಲ್ವಾ, 'ಪಡು' ಅಂತ ಇಡು" ಎಂದೆ. ಈಗ ಕೊಚ್ಚಿಯಿಂದಲೂ ಪುಣೆಯಿಂದಲೂ 'ಪಡು' ಬೇಕೆಂದು ಕೇಳುತ್ತಾರೆ. ನಿನ್ನ ಬೇಸ್ ಕೊಟ್ಟು ಪಡೆದದ್ದಕ್ಕೆ ನಿನ್ನ ಕೈಯಿಂದಲೇ ನಾಮಕರಣ ಮಾಡಿಸಿದೆ. ಆ ದಿನಗಳಲ್ಲಿ ನೀನು ಅಂಗಡಿಗೆ ಬಂದರೆ ಬೇಸ್ ತೂಗುಹಾಕುತ್ತಿದ್ದ ಆ ಗೋಡೆಗೆ ಬೆನ್ನು ಹಾಕಿ ಕುಳಿತುಕೊಳ್ಳುತ್ತಿದ್ದೆ. ತೇವಕ್ಕೆ ಹಾಳಾಗದಿರಲಿ ಎಂದು ಬೇಸನ್ನು ಒಳಗೆ ಇಟ್ಟಿದ್ದೇನೆ ಎಂದು ನಾನು ಹೇಳಿದ್ದೆ. ನೀನು ತಲೆ ಮಾತ್ರ ಆಡಿಸಿದೆ.

ಈ ಏಪ್ರಿಲ್‌ನಲ್ಲಿ ನಿನ್ನ ಫೋನ್ ಬಂತು. ಬೆರಳುಗಳಿಗೆ ಸ್ಪರ್ಶ ಬಂದಿದೆ, ಕಿರುಬೆರಳು ತಾನಾಗಿ ಮಡಚುತ್ತದೆ, ಶಾಲೆಯಲ್ಲಿ ಟೀಚರುಗಳಿಗೂ ರಜೆ ಸಿಕ್ಕಿದ ಕೂಡಲೇ ಬಂದು ಬೇಸ್ ಒಯ್ಯುತ್ತೇನೆ ಎಂದು ನೀನು ಹೇಳಿದೆ. ನೀನು ಅಷ್ಟು ವೇಗವಾಗಿ ಮಾತಾಡಿದ್ದನ್ನು ಕೇಳಿ ಎಷ್ಟೋ ಕಾಲವಾಗಿತ್ತು. ಫೋನ್ ಇಟ್ಟವಳೇ ಹರ್ಷಿತ್‌ನ ನಂಬರಿಗೆ ಮಾಡಿದೆ. ಆ ನಂಬರ್ ಚಾಲ್ತಿಯಲ್ಲೇ ಇರಲಿಲ್ಲ. ಅವನ ಗೆಳೆಯರಲ್ಲಿ ಕೇಳಿದೆ. ಯಾರಿಗೂ ಗೊತ್ತಿಲ್ಲ.

ಮರುದಿನ ಕುಕ್ಕುಂದೂರಿಗೆ ಹೋದೆ. ಹರಿಪ್ರಿಯಾಳದ್ದರ ಹಾಗೆಯೇ ಕಾಣುವ ಒಂದು ಬೇಸ್ ಬೇಕು, ಗಿರಾಕಿ ಅವಸರ ಮಾಡುತ್ತಿದ್ದಾರೆ ಎಂದೆ. ಟ್ರೆವರ್ ಅಂಕಲ್ ಕೆಲಸ ನಿಲ್ಲಿಸಿ, "ಆಗ್ತದೆ. ಯಾರ ಕೈಗೆ? ಅಳತೆ ಕೊಡಿ" ಎಂದರು. ನಿನ್ನ ಅಳತೆಯ ಚೀಟಿ ಅವರ ಹಿಂದೆಯೇ ಗೋಡೆಯ ಮೊಳೆಯಲ್ಲಿ ಸಿಕ್ಕಿಸಿಕೊಂಡಿತ್ತು. ನನಗೆ ಕಾಣುತ್ತಿತ್ತು. ನಿನ್ನ ಹೆಸರು ಹೇಳಿದ್ದರೆ ಸಾಕಿತ್ತು. ಹೇಳಿದರೆ, ಮೊದಲಿನದ್ದು ಎಲ್ಲಿ ಹೋಯಿತು ಎಂದು ಕೇಳುತ್ತಾರೆ.

"ಸಾಧಾರಣ ಅಳತೆ ಸಾಕು ಅಂಕಲ್" ಎಂದೆ.

ಅವರು ನನ್ನ ಮುಖ ನೋಡಿದರು. "ಸಾಧಾರಣ ಕೈ ಅಂತ ಒಂದಿಲ್ಲ" ಎಂದು ಹೇಳಿ, ಮತ್ತೆ ಉಳಿ ಹಿಡಿದರು.

ಬೇಸ್ ಬಂದ ಮೇಲೆ ನಾನು ಮಾಡಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ನಿನ್ನ ಬಲಗೈ ಉಜ್ಜಿ ಉಜ್ಜಿ ಬಣ್ಣ ಹೋದ ಜಾಗ ಒಂದಿತ್ತಲ್ಲ, ಅದನ್ನು ಹಳೆಯ ಫೋಟೋ ನೋಡಿಕೊಂಡು ಸ್ಯಾಂಡ್‌ಪೇಪರಿನಿಂದ ಮಾಡಿದೆ. ನೀನು ಐದು ವರ್ಷ ಬಾರಿಸಿದ್ದನ್ನು ಒಂದು ಮಧ್ಯಾಹ್ನದಲ್ಲಿ ಉಜ್ಜಿ ಮುಗಿಸಿದೆ.

ನೀನು ಬಂದೆ. ಆ ಸವೆದ ಜಾಗವನ್ನೇ ಮೊದಲು ಮುಟ್ಟಿದೆ. ಆಮೇಲೆ ಬಾರಿಸಿ, ನಿಲ್ಲಿಸಿ, ಮತ್ತೆ ಬಾರಿಸಿ, ಎಡಗೈಯನ್ನು ಕಣ್ಣ ಮುಂದೆ ಹಿಡಿದು ನೋಡಿಕೊಂಡೆ. "ನೆಕ್ ದಪ್ಪ ಆದ ಹಾಗೆ ಉಂಟು ರಾಹಿ. ಕೈ ಸಣ್ಣದಾಯಿತು ಅಲ್ವಾ?" ಎಂದೆ. ನಿಜ ಹೇಳಲು ಬಾಗಿಲು ತೆರೆದೇ ಇತ್ತು, ನಾನು ಹೇಳಿಬಿಡಬಹುದಿತ್ತು. "ಅಭ್ಯಾಸ ತಪ್ಪಿದೆ ಅಷ್ಟೇ, ಸರಿಯಾಗ್ತದೆ" ಎಂದುಬಿಟ್ಟೆ ನಾನು.

ನೀನು ನನ್ನನ್ನು ನಂಬಿ ಅಭ್ಯಾಸ ಮಾಡಿದೆ. ಶಾಲೆ ಮುಗಿಸಿ ಬಂದು ದಿನಕ್ಕೆ ಮೂರು ಮೂರು ಗಂಟೆ. ಜುಲೈಯಲ್ಲಿ ಮಣಿಕಟ್ಟು ಮತ್ತೆ ಊದಿತು. ಆದರೂ ಬಿಡಲಿಲ್ಲ. ಆಗಸ್ಟ್ ಇಪ್ಪತ್ತೈದರಂದು ಕಾಪುವಿನ ಆ ಮದುವೆಯ ಊಟದ ಹೊತ್ತಿನ ಕಾರ್ಯಕ್ರಮದಲ್ಲಿ ನೀನು ಒಂದೂವರೆ ವರ್ಷದ ನಂತರ ವೇದಿಕೆ ಹತ್ತಿದೆ. ಧ್ವನಿವರ್ಧಕದ ಹತ್ತಿರ ನಿಂತಿದ್ದ ನನಗೆ ನಿನ್ನ ಕೈ ಮಾತ್ರ ಕಾಣುತ್ತಿತ್ತು. ಮೂರನೆಯ ಹಾಡಿನ ನಡುವೆ ಕಿರುಬೆರಳು ತಂತಿಗೆ ಎಟಕಲಿಲ್ಲ. ಮತ್ತೊಮ್ಮೆ ಎಟಕಲಿಲ್ಲ. ನೀನು ಹಾಡುತ್ತಿದ್ದ ನವ್ಯಶ್ರೀಯ ಕಿವಿಯಲ್ಲಿ ಏನೋ ಹೇಳಿ ಕೆಳಗೆ ಇಳಿದೆ. ಅವಳು ಬೇಸ್ ಇಲ್ಲದೆಯೇ ಹಾಡು ಮುಗಿಸಿದಳು. ಊಟಕ್ಕೆ ಕುಳಿತವರು ಯಾರೂ ತಲೆ ಎತ್ತಲಿಲ್ಲ. ಅದೇ ಹೆಚ್ಚು ನೋವಾಯಿತೆಂದು ನೀನು ಕಾರಿನಲ್ಲಿ ಹೇಳಿದೆ. "ಈ ಕೈ ನನ್ನ ಮಾತು ಕೇಳುವುದಿಲ್ಲ. ಇನ್ನು ಸಾಕು" ಎಂದೆ. ಬನ್ನಂಜೆ ಬರುವವರೆಗೆ ನಾನು ಗೇರ್ ಬದಲಿಸುತ್ತಾ ರಸ್ತೆ ನೋಡುತ್ತಾ ಇದ್ದೆ.

ಕಳೆದ ವಾರ ಹರ್ಷಿತ್ ಸಿಕ್ಕಿದ. ಕೊಡುವವರು ಕೊಳ್ಳುವವರು ಇರುವ ನಮ್ಮ ವಾಟ್ಸಾಪ್ ಗುಂಪಿನಲ್ಲಿ ನಿನ್ನ ಬೇಸಿನ ಫೋಟೋ ಹಾಕಿದ್ದ. ಅವನೀಗ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿದ್ದಾನೆ. "ಸ್ವರ ಚೆಂದ ಉಂಟು ಅಕ್ಕ, ಆದರೆ ನೆಕ್ ತುಂಬಾ ಸಣ್ಣ. ನನ್ನ ಕೈಗೆ ಆಗಲೇ ಇಲ್ಲ" ಎಂದ. ಅವನ ಜಪಾನಿ ಪೆಡಲನ್ನು ಮತ್ತೆ ಜೋಡಿಸಿಟ್ಟಿದ್ದೆ. ಅದನ್ನು ಹಿಂದಕ್ಕೆ ಕೊಟ್ಟೆ, ಒಂದು 'ಪಡು' ಸೇರಿಸಿ. ನಿನ್ನ ಬೇಸ್ ಬಸ್ಸಿನಲ್ಲಿ ಬಂತು. ತಂತಿ ತುಕ್ಕು ಹಿಡಿದಿತ್ತು, ಬದಲಿಸಿದ್ದೇನೆ. ಮರಕ್ಕೆ ಏನೂ ಆಗಿಲ್ಲ.

ಈಗ ನನ್ನ ಇನ್ನೊಂದು ಯೋಚನೆಯನ್ನೂ ಹೇಳಬೇಕು. ನಿನ್ನಲ್ಲಿರುವುದನ್ನು ಯಾವುದಾದರೂ ನೆಪದಲ್ಲಿ ತರಿಸಿಕೊಂಡು, ಇದನ್ನು ಅದೇ ಚೀಲದಲ್ಲಿ ಹಾಕಿ ಕಳಿಸಿದರೆ ಕಥೆ ಮುಗಿಯಿತು. ನೀನು ಬಾರಿಸುತ್ತೀ, ಬೆರಳು ಎಟಕುತ್ತದೆ, ದೇವರು ಕೈ ಕೊಟ್ಟ ಎನ್ನುತ್ತೀ. ನಾನೇನೋ ರಿಪೇರಿ ಮಾಡಿದೆನೆಂದು ಮನೆಗೆ ಕರೆದು ಊಟ ಹಾಕುತ್ತೀ. ಒಂದು ದಿನ ಹಾಗೆ ಯೋಚಿಸಿದೆ. ಆ ಊಟ ನನಗೆ ಇಳಿಯುವುದಿಲ್ಲ ಎಂದು ಗೊತ್ತಾಯಿತು.

ಗುರುವಾರ ಟ್ರೆವರ್ ಅಂಕಲ್‌ಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಗೋಡೆಯ ಮೊಳೆಯಿಂದ ನಿನ್ನ ಚೀಟಿ ತೆಗೆದು, ಕನ್ನಡಕ ಹಾಕಿ ಓದಿದರು. "ಆ ಹುಡುಗಿ ನಾನು ಮಾಡಿದ್ದನ್ನು ಹಿಡಿದು ತನ್ನ ಕೈಯನ್ನು ದೂರಿದಳಾ?" ಎಂದು ಇಷ್ಟೇ ಕೇಳಿದರು. ಆಮೇಲೆ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಬರ್ತಾ ಆಂಟಿ ಒಳಗಿಂದ ಬಂದು ನನ್ನನ್ನು ಹೊರಡಲು ಹೇಳಿದರು.

ನಾಳೆ ಅವರೇ ನಿಮ್ಮ ಮನೆಗೆ ಬೇಸ್ ತರುತ್ತಾರೆ, ಈ ಕಾಗದವನ್ನೂ. ಅಪಘಾತದ ನಂತರ ಕೈ ಬದಲಾಗಿದ್ದರೆ ಮತ್ತೆ ಅಳೆದು ನೆಕ್ ಸರಿಮಾಡುತ್ತಾರಂತೆ. ಮೊದಲ ವಾರ ಹತ್ತು ನಿಮಿಷಕ್ಕಿಂತ ಹೆಚ್ಚು ಬಾರಿಸಬೇಡ. ಮಣಿಕಟ್ಟಿನ ಊತ ಇಳಿಯಲಿ. ನಿನ್ನ ಕೈಗೆ ಬುದ್ಧಿ ಹೇಳುವ ಹಕ್ಕು ನನಗಿಲ್ಲ, ಆದರೂ ಹೇಳುತ್ತೇನೆ.

ನೀನು ಫೋನ್ ಮಾಡುತ್ತೀ ಎಂದು ಕಾಯುವುದಿಲ್ಲ. ಮಾಡಿದರೆ ಎತ್ತುತ್ತೇನೆ. ಬೈದರೆ ಕೇಳುತ್ತೇನೆ.

ಗೆಳತಿ ಎಂದು ಬರೆಯಲು ಕೈ ಬಾರದ,
ರಾಹಿಲಾ

ತಾ.ಕ.: ಭಾನುವಾರ ಬೆಳಿಗ್ಗೆ. ಟ್ರೆವರ್ ಅಂಕಲ್ ಬಂದು ಸ್ಟೂಲಿನಲ್ಲಿ ಕುಳಿತಿದ್ದಾರೆ. ಬೇಸನ್ನು ಚೀಲಕ್ಕೆ ಹಾಕಿದ ಮೇಲೆ, "ಎಲ್ಲ ಬರೆದಿರಾ?" ಎಂದು ಕೇಳಿದರು. ಬರೆದೆ ಎಂದೆ. ಆದರೆ ಎಲ್ಲವನ್ನೂ ಬರೆದಿರಲಿಲ್ಲ.

ಹರ್ಷಿತ್ ಸಿಕ್ಕಿದ್ದು ಕಳೆದ ವಾರ ಅಲ್ಲ. ಬೇಸ್ ಬಸ್ಸಿನಲ್ಲಿ ಬಂದದ್ದು ಆಗಸ್ಟ್ ಒಂಬತ್ತಕ್ಕೆ, ಕಾಪುವಿನ ಕಾರ್ಯಕ್ರಮಕ್ಕೆ ಹದಿನಾರು ದಿನ ಮೊದಲು. ತಂತಿ ಬದಲಿಸಿ ಕೊಡುತ್ತೇನೆ, ನಿನ್ನದನ್ನು ತಾ ಎಂದು ನಾನು ಫೋನ್ ಮಾಡಿದ್ದು ಅದಕ್ಕೇ. ಕಾರ್ಯಕ್ರಮ ಮುಗಿಯಲಿ ಎಂದು ನೀನು ಹೇಳಿದೆ. ಹಾಗೇ ಆಗಲಿ, ನಿನಗೆ ತಿಳಿಯದ ಹಾಗೆ ಆಮೇಲೆ ಬದಲಾಯಿಸಿದರಾಯಿತು ಎಂದುಕೊಂಡೆ. ಒಂದು ಮಾತು ಹೇಳಿದ್ದರೆ ನೀನು ನಿನ್ನ ಬೇಸ್ ಹಿಡಿದೇ ವೇದಿಕೆ ಹತ್ತುತ್ತಿದ್ದೆ. ನೀನು ಇಳಿದು ಬಂದು ಕಾರಿನಲ್ಲಿ ಅಳುತ್ತಿದ್ದಾಗ ಅದು ಇಲ್ಲೇ, ನನ್ನ ಮೇಜಿನ ಕೆಳಗಿತ್ತು.