ನೀರಂಬೆ ಎಷ್ಟು ದೊಡ್ಡದು?

ಪ್ರೀತಿಯ ಶೋಧನ್,

ನೀನು ಸೋತೆ. ಸುತ್ತಿಬಳಸಿ ಹೇಳಿದರೆ ನಿನಗೆ ಸಿಟ್ಟು ಬರುತ್ತಿತ್ತು, ಅದಕ್ಕೇ ಮೊದಲೇ ಹೇಳಿಬಿಟ್ಟೆ. ನೀರಂಬೆ ಭೂಮಿಯ ಅರ್ಧದಷ್ಟು ಅಗಲದ ಗ್ರಹವಲ್ಲ. ಮೊನ್ನೆ ಭಾನುವಾರ ಮೂಡುಬಿದಿರೆಯಲ್ಲಿ ಅದು ತೀರ್ಮಾನವಾಯಿತು. ನಿನ್ನ ಪರವಾಗಿ ವಾದಿಸಿ ಸೋತವಳು ನಾನೇ.

ನಮ್ಮ ಮಾತೆಲ್ಲ ತುಳುವಿನಲ್ಲಿ. ಆದರೂ ಪತ್ರ ಅಂತ ಕೂತರೆ ಶಾಲೆಯ ಕನ್ನಡವೇ ಬರುತ್ತದೆ, ನಗಬೇಡ. ಉಜಿರೆಯ ಕಾಲೇಜಿನ ದಿನಗಳಲ್ಲಿ ಶಶಿಪ್ರಭಾ ಟೀಚರ ಕಥೆಯನ್ನು ನನಗೆ ಮೊದಲು ಕೇಳಿಸಿದವನು ನೀನು. ನಿವೃತ್ತಿಯಾದ ಮೇಲೆ ಅವರು ಮೂಡುಬಿದಿರೆಯ ತಮ್ಮ ಮನೆಯಲ್ಲಿ ಕೂತು, ವಾರಕ್ಕೊಂದು ಕಂತಿನಂತೆ, ನೀರಂಬೆ ಎಂಬ ಗ್ರಹದ ದೋಣಿಗಿತ್ತಿಯೊಬ್ಬಳ ಕಥೆಯನ್ನು ಮೊಬೈಲಿಗೆ ಹೇಳುತ್ತಿದ್ದರು. ಕೇಳುವವರದ್ದೊಂದು ವಾಟ್ಸಾಪ್ ಗುಂಪು. ಎಲ್ಲರೂ ದೋಣಿಗಿತ್ತಿಗೆ ಮದುವೆಯಾಗುತ್ತದಾ ಅಂತ ಕೇಳುವಾಗ ನೀನೊಬ್ಬ ಅವಳ ದೋಣಿಯ ಹಾಯಿಯನ್ನೇ ನೋಡುತ್ತಿದ್ದೆ.

"ದಡ ಬಿಟ್ಟು ಸ್ವಲ್ಪ ದೂರ ಹೋದದ್ದೇ ಹಾಯಿ ಮುಳುಗಿದ ಹಾಗೆ ಕಾಣ್ತದೆ ಅಂತ ಟೀಚರ್ ಹೇಳ್ತಾರೆ. ಅಂದ್ರೆ ಅಲ್ಲಿ ಸಮುದ್ರ ಬೇಗ ಬಾಗ್ತದೆ. ಗ್ರಹ ಸಣ್ಣದು ಮಾರಾಯ್ತಿ, ಭೂಮಿಯ ಅರ್ಧ" ಎಂದಿದ್ದೆ.

ಬಂಟ್ವಾಳದ ಮುನವ್ವರ್ ಅದನ್ನು ಒಪ್ಪಲೇ ಇಲ್ಲ. "ಅಷ್ಟು ಸಣ್ಣದಾದ್ರೆ ಸೆಳೆತವೂ ಕಡಿಮೆ. ಅವರೆಲ್ಲ ನಮ್ಮ ಹಾಗೆ ನಡೆಯುವುದು ಹೇಗೆ? ಒಂದು ಹೆಜ್ಜೆ ಇಟ್ರೆ ಕುಪ್ಪಳಿಸಬೇಕಿತ್ತು" ಎಂದ. ಅಲ್ಲಿಂದ ಶುರುವಾದ ಜಗಳ ನಿನ್ನ ಆಸ್ಪತ್ರೆಯ ಮಂಚದವರೆಗೂ ಬಂತು. ಹೃದಯದ ಆಪರೇಷನ್ನಿಗೆ ಒಳಗೆ ಹೋಗುವ ಮೊದಲು ನೀನು ನನಗೆ ಹೇಳಿದ್ದು ಅದನ್ನೇ: "ಅವನಿಗೆ ಹೇಳು, ಬಂದು ಉತ್ತರ ಕೊಡ್ತೇನೆ."

ನೀನು ಬರಲಿಲ್ಲ.

ಈ ವರ್ಷ ಟೀಚರ್ ಕಥೆಯನ್ನು ಪುಸ್ತಕ ಮಾಡಲು ಹೊರಟರು. ಮೊದಲ ಪುಟದಲ್ಲಿ ಗ್ರಹದ ನಕ್ಷೆ, ಅದರ ಅಳತೆ. ಅಳತೆಯನ್ನು ನೀವೇ ತೀರ್ಮಾನಿಸಿ ಎಂದು ಗುಂಪಿನಲ್ಲಿ ಕೇಳಿದರು. ಮೊದಲು ಬರೆದವನು ಮುನವ್ವರ್: "ಶೋಧನ್ ಹೇಳಿದ್ದೇ ಇರಲಿ. ಅರ್ಧ." ಅದರ ಕೆಳಗೆ ಸಾಲುಸಾಲಾಗಿ ಕೈಮುಗಿದ ಚಿತ್ರಗಳು. ಒಬ್ಬರೂ ಪ್ರಶ್ನೆ ಕೇಳಲಿಲ್ಲ. ನನಗೆ ಮೈ ಉರಿಯಿತು. ನೀನು ಬದುಕಿದ್ದಾಗ ನಿನ್ನ ಒಂದು ಮಾತನ್ನೂ ಸುಮ್ಮನೆ ಬಿಡದವರು, ಸತ್ತೆಯೆಂದು ನಿನಗೆ ಗೆಲುವನ್ನು ಭಿಕ್ಷೆ ಹಾಕುತ್ತಿದ್ದರು.

ಮರುದಿನ ಬೆಳ್ತಂಗಡಿಯಿಂದ ಬಸ್ಸು ಹತ್ತಿ ಬಿ.ಸಿ.ರೋಡಿಗೆ ಹೋದೆ. ಮುನವ್ವರ್ ತನ್ನ ಮೊಬೈಲ್ ರಿಪೇರಿ ಅಂಗಡಿಯಲ್ಲಿದ್ದ.

"ನಿನಗೆ ಅರ್ಧ ಅಂತ ನಿಜವಾಗಿ ಅನ್ನಿಸ್ತದಾ?" ಎಂದೆ.

"ಇಲ್ಲ" ಎಂದ. ಬಿಚ್ಚಿದ್ದ ಮೊಬೈಲನ್ನು ಬದಿಗಿಟ್ಟು, "ಹೋದವನ ಹತ್ರ ಎಂತ ಜಗಳ ಮಾಡುವುದು ಮೋಕ್ಷಿತಾ? ಅವನು ತಿರುಗಿ ಬೈಯುವುದಿಲ್ಲ. ನನಗೆ ಅದೇ ಬೇಜಾರು" ಎಂದ.

"ಬೈಯಲಿಕ್ಕೆ ನಾನಿದ್ದೇನೆ. ಭಾನುವಾರ ಮೂಡುಬಿದಿರೆಗೆ, ಟೀಚರ ಮನೆಗೆ ಬಾ. ಹಿಂದಿನ ಹಾಗೇ ಎಲ್ಲರೆದುರು ವಾದ ಮಾಡುವ."

ಆಮೇಲೆ ನನ್ನ ಪಾಡು ಕೇಳು. ನಿನ್ನ ವಾಯ್ಸ್ ಮೆಸೇಜುಗಳನ್ನೆಲ್ಲ ಕೂತು ಕೇಳಿದೆ, ಲೆಕ್ಕ ಮಾಡಿದೆ. ಸಣ್ಣ ಗ್ರಹದಲ್ಲಿ ನಾವು ಅದರ ನಡುವಿಗೆ ಹತ್ತಿರ ಇರುತ್ತೇವೆ, ಆದ್ದರಿಂದ ಸೆಳೆತ ಹೆಚ್ಚು ಎಂದು ನೀನು ವಾದಿಸಿದ್ದೆ. ಅದು ಸರಿ. ಆದರೆ ಸಣ್ಣ ಗ್ರಹದಲ್ಲಿ ಕಲ್ಲುಮಣ್ಣೂ ಕಡಿಮೆಯಲ್ಲವಾ? ಅದನ್ನು ನೀನು ಬಿಟ್ಟೇಬಿಟ್ಟಿದ್ದೆ. ಅರ್ಧ ಅಗಲದ ಗ್ರಹದಲ್ಲಿ ನಮ್ಮ ತೂಕ ಇಷ್ಟೇ ಉಳಿಯಬೇಕಾದರೆ ಅದು ಹೊರಗಿನಿಂದ ಒಳಗಿನವರೆಗೆ ಸೀಸದಷ್ಟು ಭಾರವಿರಬೇಕು. ಬೇರೆ ಬೇರೆ ದಾರಿಯಲ್ಲಿ ಮಾಡಿ ನೋಡಿದೆ. ಪ್ರತಿ ಸಲವೂ ಸೀಸವೇ ಬಂತು, ಟೀಚರ ಕಥೆಯಲ್ಲಿರುವುದೋ ನಮ್ಮಲ್ಲಿಯಂಥದೇ ಕಲ್ಲುಮಣ್ಣು. ಮುನವ್ವರ್ ಇದನ್ನು ಗಮನಿಸದೆಯೂ ಹೋಗಬಹುದಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ನೀನು ಗೆಲ್ಲುತ್ತಿದ್ದೆ. ಆದರೆ ಅದೂ ಇನ್ನೊಂದು ಕೈಮುಗಿದ ಚಿತ್ರವೇ ಆಗುತ್ತಿತ್ತು.

ವೇಣೂರಿನಿಂದ ನಿನ್ನ ಅಮ್ಮನನ್ನೂ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಅವರು, "ಇವತ್ತು ಅವನು ಗೆಲ್ತಾನಾ ಮಗಾ?" ಎಂದು ಕೇಳಿದರು. "ಗೊತ್ತಿಲ್ಲ ಅಮ್ಮ. ಸರಿಯಾಗಿ ಜಗಳ ಆಡ್ತೇನೆ" ಎಂದೆ. ಅವರು ನನ್ನ ಕೈ ಹಿಡಿದುಕೊಂಡರು.

ಟೀಚರ ಮನೆಯ ಚಾವಡಿ ತುಂಬಿತ್ತು. ನಿನ್ನ ಹಾಯಿಯ ಲೆಕ್ಕವನ್ನು ಹೇಳಿದೆ. ಮುನವ್ವರ್ ಬಿಡದೆ ಕೆದಕಿದ, ಹಿಂದಿನ ಹಾಗೇ. ಕೊನೆಗೆ, ಗ್ರಹ ಭೂಮಿಗಿಂತ ಸಣ್ಣದೇ ಎಂದು ಒಪ್ಪಿದ. ಅದು ನಿನ್ನ ಗೆಲುವು, ಪೂರ್ತಿಯಾಗಿ ನಿನ್ನದು. ಆಮೇಲೆ ಅವನು ತೂಕದ ಪ್ರಶ್ನೆ ಎತ್ತಿದ.

"ಅಲ್ಲಿ ಶೋಧನ್ ತಪ್ಪಿದ್ದಾನೆ" ಎಂದೆ.

ಹಿಂದಿನಿಂದ ಯಾರೋ, "ಪಾಪ, ಹೋಗಲಿ ಬಿಡಿ" ಎಂದರು. ನಿನ್ನ ಅಮ್ಮ ಎದ್ದು ನಿಂತರು. "ಪಾಪ ಯಾಕೆ? ತಪ್ಪಿದ್ರೆ ತಪ್ಪೇ. ನೀನು ಮುಂದೆ ಹೇಳು ಮಗಾ."

ಹೇಳಿದೆ. ಧ್ವನಿ ನಡುಗಿತು, ಲೆಕ್ಕ ನಡುಗಲಿಲ್ಲ. ನಮ್ಮ ಹಾಗೇ ನಡೆಯುತ್ತಾರೆ ಎಂಬ ಹಟವನ್ನು ಮುನವ್ವರ್ ಸ್ವಲ್ಪ ಸಡಿಲಿಸಿದ, ಅರ್ಧ ಎಂಬುದನ್ನು ನಾನು ಬಿಟ್ಟೆ. ಕೊನೆಗೆ ನೀರಂಬೆ ಭೂಮಿಯ ಮುಕ್ಕಾಲು ಪಾಲು ಅಗಲ ಎಂದಾಯಿತು. ಕಲ್ಲುಮಣ್ಣು ನಮ್ಮಲ್ಲಿಯ ಹಾಗೇ, ಆದ್ದರಿಂದ ತೂಕವೂ ಮುಕ್ಕಾಲು. ಟೀಚರ್ ಆಗ ಹೇಳಿದರು: "ಹಾಗಾದ್ರೆ ನನ್ನ ದೋಣಿಗಿತ್ತಿ ನಡೆಯುವುದನ್ನೆಲ್ಲ ತಿದ್ದಬೇಕಲ್ಲ! ತಿದ್ತೇನೆ. ಅವಳು ಇನ್ನು ಸ್ವಲ್ಪ ಹಗುರವಾಗಿ ನಡೆಯಲಿ." ನೀನು ಹೋದ ಮೇಲೂ ಒಂದು ಲೋಕದ ನಡಿಗೆಯನ್ನೇ ಬದಲಿಸಿಬಿಟ್ಟೆ, ನೋಡು.

ವಾಪಸು ಬರುವಾಗ ಅಮ್ಮ, "ಅವನು ಇರ್ತಿದ್ರೆ ಇವತ್ತು ಊಟ ಬಿಡ್ತಿದ್ದ" ಎಂದು ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನೂ ತಡೆದುಕೊಳ್ಳಲಿಲ್ಲ.

ಈಗ ಗುಂಪಿನಲ್ಲಿ ಹೊಸ ಗಲಾಟೆ. ನೀರಂಬೆಗೆ ಎರಡು ಚಂದ್ರರಿದ್ದಾರಲ್ಲ, ಅಲ್ಲಿ ಸಮುದ್ರದ ಉಬ್ಬರ ಎಷ್ಟು ಎತ್ತರ ಎಂದು. ಅದರ ಲೆಕ್ಕವನ್ನು ನಾನು ವಹಿಸಿಕೊಂಡಿದ್ದೇನೆ. ಬರದಿದ್ದದ್ದನ್ನು ಕಲಿಯುತ್ತೇನೆ. ನಾನು ಇನ್ನೂ ಮುಗಿಸಿಯೇ ಇಲ್ಲ, ಮುನವ್ವರ್ ಆಗಲೇ "ತಪ್ಪು" ಎಂದು ಬರೆದಾಗಿದೆ. ಅವನನ್ನು ಬಿಡುವವಳಲ್ಲ ನಾನು.

ನೀನಿರುವಲ್ಲಿ ನಿನ್ನೊಡನೆ ಸರಿಸಮ ವಾದಿಸುವವರು ಸಿಗಲಿ, ಯಾರೂ ನಿನಗೆ ಸುಮ್ಮನೆ ಸೋಲದಿರಲಿ.

ನಿನ್ನ ಗೆಳತಿ,
ಮೋಕ್ಷಿತಾ
ಲಾಯಿಲ, ಬೆಳ್ತಂಗಡಿ